ಲೈಟ್ನಿಂಗ್ ಕಾಲಿನ ಬಿಲ್ಲು ಯಾರಿಗೆ?

(ಚಳ್ಳಕೆರೆಯ ಒಂದು ಮನೆ. ತಾತ ದೂರವಾಣಿ ಇಲಾಖೆಯಲ್ಲಿ ದುಡಿದು ನಿವೃತ್ತರಾದವರು. ಚಳ್ಳಕೆರೆ, ಮೊಳಕಾಲ್ಮುರು ಎರಡೂ ಕಡೆ ಕೆಲಸ ಮಾಡಿದವರು. ಮೊಮ್ಮಗಳು ಬೆಂಗಳೂರಿನಲ್ಲಿ ಎರ್ಲಾಂಗ್ ಭಾಷೆಯಲ್ಲಿ ಪ್ರೋಗ್ರಾಂ ಬರೆಯುತ್ತಾಳೆ. ರಜೆಗೆ ಬಂದಿದ್ದಾಳೆ, ಕೆಲಸವೂ ಜೊತೆಗೇ ಬಂದಿದೆ.)

ತಾತ: ಎರ್ಲಾಂಗಾ? ನಮ್ಮಲ್ಲಿ ಅದು ಟ್ರಾಫಿಕ್ಕಿನ ಅಳತೆ. ಒಂದು ಲೈನು ಗಂಟೆಪೂರ್ತಿ ಬಿಜಿ ಇದ್ದರೆ ಒಂದು ಎರ್ಲಾಂಗ್.

ಮೊಮ್ಮಗಳು: ಆ ಅಳತೆಗೆ ಹೆಸರಾದ ಡೆನ್ಮಾರ್ಕಿನ ಗಣಿತಜ್ಞನ ಹೆಸರೇ ಇದಕ್ಕೂ ತಾತ. 1986ರ ಸುಮಾರಿಗೆ ಎರಿಕ್ಸನ್ ಲ್ಯಾಬಿನಲ್ಲಿ ಜೋ ಆರ್ಮ್‌ಸ್ಟ್ರಾಂಗ್ ಮತ್ತು ಜೊತೆಗಾರರು ಟೆಲಿಫೋನ್ ಎಕ್ಸ್‌ಚೇಂಜಿಗೆಂದೇ ಶುರುಮಾಡಿದ ಭಾಷೆ.

ತಾತ: ಸಿ-ಡಾಟ್ ಅನ್ನೋ ಸರ್ಕಾರಿ ಟೆಲಿಕಾಂ ಸಂಸ್ಥೆಯವರ ಮೊದಲನೇ ಹಳ್ಳಿ ಎಕ್ಸ್‌ಚೇಂಜು ಕಿತ್ತೂರಿನಲ್ಲಿ ಕೂತಿದ್ದೂ ಅದೇ ವರ್ಷ. 128 ಪೋರ್ಟಿಂದು. ಎ.ಸಿ. ಇಲ್ಲದೆಯೂ ನಡೆಯೋದು. ನಮ್ಮ ಬಿಸಿಲಿಗೆ ಅದೇ ದೊಡ್ಡದು ಕಣವ್ವ. ಒಂದು ಕಾರ್ಡಿಗೆ ಎಂಟು ಲೈನು. ಕಾರ್ಡು ಸುಟ್ಟುಹೋದರೆ ಎಂಟು ಮನೆ ಫೋನು ಸಾಯೋದು, ಮಿಕ್ಕವರು ಮಾತಾಡ್ತಾನೇ ಇರೋರು.

ಮೊಮ್ಮಗಳು: ನನ್ನ ಭಾಷೆಯ ಜೀವಾಳವೂ ಅದೇ. ಒಂದೊಂದು ಕೆಲಸಕ್ಕೆ ಒಂದೊಂದು ಪ್ರೋಸೆಸ್. ಹೊಸದಕ್ಕೆ ಎರಡೂವರೆ ಕಿಲೋಬೈಟ್ ಆಸುಪಾಸು ಮೆಮೊರಿ ಸಾಕು. ಒಂದು ಸತ್ತರೆ ಅದೊಂದೇ ಸಾಯುತ್ತೆ. ಲಕ್ಷಗಟ್ಟಲೆ ಇಟ್ಟುಕೊಳ್ಳಬಹುದು. ಮೊದಲು ಮಿತಿ 2,62,144 ಇತ್ತು. 2024ರ ಆವೃತ್ತಿಯಿಂದ 10,48,576. ಸಾಲದಿದ್ದರೆ ಶುರುವಿನಲ್ಲೇ ಏರಿಸಿಕೊಳ್ಳಬಹುದು.

ತಾತ: ಏರಿಸೋ ಹಾಗಿದ್ದರೆ ಮಿತಿ ಯಾಕೆ ಬೇಕು?

ಮೊಮ್ಮಗಳು: ನಾನೂ ಅದನ್ನೇ ಕೇಳ್ತೀನಿ. ಯಾರೋ ಗೀಚಿದ ಸಂಖ್ಯೆ ಅಂತ ಅನಿಸುತ್ತೆ.

ತಾತ: ಅಲ್ಲ. ಚಂದಾದಾರರೆಲ್ಲ ಒಟ್ಟಿಗೇ ಫೋನೆತ್ತಿದರೆ ಯಾವ ಎಕ್ಸ್‌ಚೇಂಜೂ ತಡೆಯಲ್ಲ. ಟ್ರಂಕ್ ಲೈನು ಎಷ್ಟು ಬೇಕು ಅಂತ ಲೆಕ್ಕ ಹಾಕುವಾಗಲೇ, ನೂರಕ್ಕೆ ಇಷ್ಟು ಕರೆಗೆ ‘ಇಲ್ಲ’ ಅನ್ನೋದು ಅಂತ ತೀರ್ಮಾನ ಮಾಡ್ತಿದ್ವಿ. ಆ ‘ಇಲ್ಲ’ ಬಿಜಿ ಟೋನಾಗಿ ತಕ್ಷಣ ಕೇಳಬೇಕು. ಇಲ್ಲದಿದ್ದರೆ ಆಗಲೇ ಮಾತಾಡ್ತಾ ಇರೋರ ಮಾತೂ ಕೆಡುತ್ತೆ. ಮಿತಿ ಇರೋದು ಒಳಗಿರೋರಿಗಾಗಿ.

ಮೊಮ್ಮಗಳು: ಎಲ್ಲ ಮಿತಿಯೂ ಅಷ್ಟು ಮರ್ಯಾದಸ್ಥ ಅಲ್ಲ ತಾತ. ನಮ್ಮಲ್ಲಿ ‘ಆಟಂ’ ಅಂತಿದೆ, ಪ್ರೋಗ್ರಾಮಿನೊಳಗಿನ ಹೆಸರುಗಳು. ಅದಕ್ಕೂ 10,48,576ರ ಮಿತಿ. ಒಮ್ಮೆ ಪಟ್ಟಿಗೆ ಸೇರಿದ ಹೆಸರು ಹೋಗೋದೇ ಇಲ್ಲ. ಹೊರಗಿನವರು ಟೈಪ್ ಮಾಡಿದ್ದನ್ನೆಲ್ಲ ಆಟಂ ಮಾಡುತ್ತಾ ಹೋದರೆ ಒಂದು ದಿನ ಪಟ್ಟಿ ತುಂಬಿ ಇಡೀ ವ್ಯವಸ್ಥೆ ಬೀಳುತ್ತೆ.

ತಾತ: ಫೋನ್ ನಂಬರ್ ಸರೆಂಡರ್ ಮಾಡಿದರೆ ಆಮೇಲೆ ಇನ್ನೊಬ್ಬರಿಗೆ ಕೊಡ್ತಿದ್ವಿ. ವಾಪಸ್ ಬಾರದ್ದನ್ನ ಬಂದ ಬಂದವರಿಗೆಲ್ಲ ಹಂಚಬಾರದು, ಅಷ್ಟೇ. ಅದಿರಲಿ, ಬೆಳಗಿಂದ ಆ ಮುಖ ಮಾಡ್ಕೊಂಡು ಏನು ಬರೀತಿದ್ದೀಯ?

ಮೊಮ್ಮಗಳು: ಡ್ರೈವರ್. ಎರ್ಲಾಂಗಿನಲ್ಲಿ ಬರೆದರೆ ನಿಧಾನ ಅನ್ನೋ ಕೆಲಸವನ್ನ ಸಿ ಭಾಷೆಯಲ್ಲಿ ಬರೆದು, ಎರ್ಲಾಂಗನ್ನ ನಡೆಸೋ ರನ್‌ಟೈಮಿನ ಒಳಗೇ ಕೂರಿಸೋದು. ನಡುವೆ ನಕಲು ಮಾಡೋ ಖರ್ಚೂ ಉಳಿಯುತ್ತೆ. ಒಂದು ಪ್ರೋಸೆಸ್ಸಿಂದ ಇನ್ನೊಂದಕ್ಕೆ ಸಂದೇಶ ಹೋದರೆ ನಕಲಾಗೇ ಹೋಗುತ್ತೆ. 64 ಬೈಟ್ ಮೀರಿದ ಬೈನರಿ ಮಾತ್ರ ಒಂದೇ ಕಡೆ ಇದ್ದು ಎಲ್ಲರೂ ಅದನ್ನೇ ನೋಡ್ತಾರೆ. ಡ್ರೈವರ್ ಜಾಣತನದಿಂದ ಬರೆದರೆ ಆ ದೊಡ್ಡ ಬೈನರಿಯನ್ನ ಮುಟ್ಟದೆ, ನಕಲಿಸದೆ ಹಾಗೇ ದಾಟಿಸಬಹುದು.

ತಾತ: ಒಳಗೇ ಅಂದರೆ? ಅದು ಸತ್ತರೆ?

ಮೊಮ್ಮಗಳು: ಎಲ್ಲವೂ ಸಾಯುತ್ತೆ.

ತಾತ: ಹತ್ತು ಲಕ್ಷವೂ?

ಮೊಮ್ಮಗಳು: ಹತ್ತು ಲಕ್ಷವೂ. ಸಾಯದೆ ಸುಮ್ಮನೆ ತಡ ಮಾಡಿದರೂ ಕಷ್ಟ. ಎರ್ಲಾಂಗ್ ಪ್ರೋಸೆಸ್ಸಿಗೆ ಒಂದು ಸರದಿಗೆ 4,000 ಹೆಜ್ಜೆಯ ಪಾಲು. ಮುಗಿದ ಕೂಡಲೇ ಎಬ್ಬಿಸಿ ಮುಂದಿನವರನ್ನ ಕೂರಿಸ್ತಾರೆ. ಸಿ ಕೋಡನ್ನ ಹಾಗೆ ನಡುವೆ ಎಬ್ಬಿಸೋಕಾಗಲ್ಲ. ಅದಕ್ಕೇ ಒಂದು ಮಿಲಿಸೆಕೆಂಡಿನೊಳಗೆ ತಾನೇ ಎದ್ದು ಬರಬೇಕು ಅನ್ನೋ ಕಟ್ಟಳೆ. ಬೀಗವೂ ನೋಡ್ಕೋಬೇಕು. ಡ್ರೈವರಿಗೆಲ್ಲ ಸೇರಿ ಒಂದೇ ಬೀಗ ಇಟ್ಟರೆ ಒಂದು ಸಲಕ್ಕೆ ಒಬ್ಬರೇ ಒಳಗೆ; ಪೋರ್ಟಿಗೊಂದು, ಅಂದರೆ ಡ್ರೈವರ್ ಜೊತೆ ಮಾತಾಡೋ ಒಂದೊಂದು ದಾರಿಗೊಂದು ಬೀಗ ಇಟ್ಟರೆ ಹಲವರು ಏಕಕಾಲಕ್ಕೆ.

ತಾತ: ಸರದಿ ಬಿಟ್ಟು ಮುಂದೆ ನುಗ್ಗೋದು ನಮ್ಮಲ್ಲೂ ಇತ್ತು. ಇಲ್ಲಿನ ಶೇಂಗಾ ಎಣ್ಣೆ ಮಿಲ್ಲಿನವರು ಬೊಂಬಾಯಿಗೆ ರೇಟು ಕೇಳೋಕೆ ಲೈಟ್ನಿಂಗ್ ಕಾಲ್ ಬುಕ್ ಮಾಡೋರು. ಆರ್ಡಿನರಿಯ ಎಂಟು ಪಟ್ಟು ದುಡ್ಡು. ಮೊಳಕಾಲ್ಮುರಿನಲ್ಲಿ ರೇಷ್ಮೆ ಸೀರೆ ನೇಯೋರು ಆರ್ಡಿನರಿ ಬುಕ್ ಮಾಡಿ, ಒಂದು ಗೇಣು ಅಂಚು ಮುಗಿಯೋವರೆಗೂ ಕಾಯೋರು. ಅನ್ಯಾಯ ಅನಿಸಿದರೂ ಒಂದು ಲೆಕ್ಕ ಇತ್ತು: ಮುಂದೆ ನುಗ್ಗಿದವನು ಬಿಲ್ಲು ಕಟ್ಟುತ್ತಿದ್ದ. ನಿನ್ನ ಡ್ರೈವರ್ ಏನು ಕಟ್ಟುತ್ತೆ?

ಮೊಮ್ಮಗಳು: ...ಏನೂ ಇಲ್ಲ. ಬಿಲ್ಲು ಅಕ್ಕಪಕ್ಕದವರ ಹೆಸರಿಗೆ ಹೋಗುತ್ತೆ. ಹಾಗಂತ ಒಳಗೆ ಸಿ ಕೋಡೇ ಬೇಡ ಅನ್ನೋಕಾಗಲ್ಲ ತಾತ. ಗೂಢಲಿಪಿ ಕೆಲಸವೆಲ್ಲ ಓಪನ್‌ಎಸ್‌ಎಸ್‌ಎಲ್ ಅನ್ನೋ ಲೈಬ್ರರಿಯ ಸಿ ಕೋಡಿನದೇ. ರನ್‌ಟೈಮನ್ನೇ ಬಹುಪಾಲು ಸಿ ಭಾಷೆಯಲ್ಲಿ ಬರೆದಿದ್ದಾರೆ. ನಾನು ಹೊಗಳೋ ಗೋಡೆಗಳೆಲ್ಲ ನಿಂತಿರೋದು ಗೋಡೆಯೇ ಇಲ್ಲದ ನೆಲದ ಮೇಲೆ.

ತಾತ: ನಮ್ಮದೂ ಹಾಗೇ. ಲೈನ್ ಕಾರ್ಡು ಬೇರೆಬೇರೆ, ಕಂಟ್ರೋಲ್ ಮಾತ್ರ ಎಲ್ಲಕ್ಕೂ ಒಂದೇ. ಅದನ್ನ ನಂಬಲೇಬೇಕಿತ್ತು. ನಂಬಿಕೆಯಿಲ್ಲದೆ ಜೋಡಿ ಇಟ್ಟಿದ್ದರು! ಆದರೆ ಕಂಡ ಕಂಡ ಕಾರ್ಡನ್ನೆಲ್ಲ ಕಂಟ್ರೋಲಿನ ಜಾಗಕ್ಕೆ ಕೂರಿಸಲಿಲ್ಲ.

ಮೊಮ್ಮಗಳು: ಅಂದರೆ ಒಳಗೆ ಯಾರಿರಬೇಕು ಅನ್ನೋದಕ್ಕಿಂತ, ಎಷ್ಟು ಕಡಿಮೆ ಜನ ಇರಬೇಕು ಅಂತ ಕೇಳಬೇಕು. ನಡುವಿನ ದಾರಿಯೂ ಇದೆ. 2017ರಿಂದ ತಡವಾಗೋ ಸಿ ಕೆಲಸಕ್ಕೆ ಸರದಿ ಹಂಚೋ ಬೇರೆಯೇ ಶೆಡ್ಯೂಲರ್‌ಗಳನ್ನ ಕೊಟ್ಟಿದ್ದಾರೆ. ಮಿಕ್ಕವರ ಸರದಿ ಕೆಡಲ್ಲ.

ತಾತ: ಅಲ್ಲಿ ಸತ್ತರೆ?

ಮೊಮ್ಮಗಳು: ಆಗಲೂ ಎಲ್ಲರೂ. ತಡಕ್ಕೆ ಮದ್ದು, ಸಾವಿಗಲ್ಲ. ಸತ್ತರೆ ಅದೊಂದೇ ಸಾಯಬೇಕು ಅಂದರೆ ಅದನ್ನ ಬೇರೆ ಪ್ರೋಗ್ರಾಮಾಗಿ ಹೊರಗಿಟ್ಟು ಪೋರ್ಟಿನ ಮೂಲಕ ಮಾತಾಡಿಸಬೇಕು. ಬಿದ್ದರೆ ನನಗೊಂದು ಸುದ್ದಿ ಬರುತ್ತೆ, ಮತ್ತೆ ಎಬ್ಬಿಸ್ತೀನಿ. ಪ್ರತಿ ಸಲ ಡೇಟಾ ಹೊರಗೆ ಹೋಗಿ ಬರಬೇಕು, ಅದೇ ಖರ್ಚು.

ತಾತ: ನೀನೀಗ ಬರೀತಿರೋದು ಏನು ಮಾಡುತ್ತೆ?

ಮೊಮ್ಮಗಳು: ಜನ ಕಳಿಸೋ ಫೋಟೋ ಬಿಚ್ಚಿ ಚಿಕ್ಕದು ಮಾಡುತ್ತೆ.

ತಾತ: ಮಿಲಿಸೆಕೆಂಡಿನೊಳಗೆ ಮುಗಿಯುತ್ತಾ?

ಮೊಮ್ಮಗಳು: ಸಣ್ಣದಾದರೆ ಮುಗಿಯುತ್ತೆ.

ತಾತ: ದೊಡ್ಡದು, ಕೆಟ್ಟದು ಕಳಿಸೋರು ಯಾರು ಅಂತ ಗೊತ್ತಾ?

ಮೊಮ್ಮಗಳು: ಹೇಗೆ ಗೊತ್ತಾಗುತ್ತೆ? ಯಾರಾದರೂ ಕಳಿಸಬಹುದು. (ಲ್ಯಾಪ್‌ಟಾಪ್ ಎಳೆದುಕೊಳ್ಳುತ್ತಾಳೆ.) ಹೊರಗೇ ಇಡ್ತೀನಿ ಬಿಡು. ನಿಧಾನ ಆಗುತ್ತೆ ಅಂತ ಆಫೀಸಿನಲ್ಲಿ ತಕರಾರು ಗ್ಯಾರಂಟಿ.

ತಾತ: ಯಾರಿಗೆ ನಿಧಾನ?

ಮೊಮ್ಮಗಳು: ಫೋಟೋ ಕಳಿಸಿದವರಿಗೆ ಮಾತ್ರ.