ಸಾವಿರದ ನೂರೆಂಬತ್ತು ಅಡಿ

ಕೆಂಗೇರಿ ಉಪನಗರದ ಆಚೆ, ಅರ್ಧಕ್ಕರ್ಧ ಸೈಟು ಇನ್ನೂ ಖಾಲಿ ಬಿದ್ದಿರುವ ಬಡಾವಣೆಯೊಂದರಲ್ಲಿ ನಮ್ಮ ಭಾವ ಮನೆ ಕಟ್ಟಿಸುತ್ತಿದ್ದಾರೆ. ಬೋರ್‌ವೆಲ್ ಕೊರೆಸುವ ರಾತ್ರಿ ವಿಜಯನಗರದಿಂದ ನನ್ನನ್ನೂ ಕರೆಸಿಕೊಂಡರು. ನನ್ನಿಂದ ಅಲ್ಲಿ ಆಗಬೇಕಾದ್ದೇನೂ ಇರಲಿಲ್ಲ; ಇಂಥ ಹೊತ್ತಿನಲ್ಲಿ ಪಕ್ಕದಲ್ಲೊಬ್ಬರಿದ್ದರೆ ಧೈರ್ಯ, ಅಷ್ಟೆ. ಬೆಳಿಗ್ಗೆ ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಸೈಟಿನ ಉದ್ದಗಲ ನಡೆದ ಹಿರಿಯರೊಬ್ಬರು, ಈಶಾನ್ಯ ಮೂಲೆಯಲ್ಲಿ ಕಾಯಿ ಎದ್ದು ನಿಂತಿತೆಂದು ಪಾಯಿಂಟ್ ಗುರುತು ಮಾಡಿ ಹೋಗಿದ್ದರು. ಸಂಜೆಗೆ ತಿರುಚೆಂಗೋಡಿನ ರಿಗ್ ಲಾರಿ ಬಂತು. ಕರ್ಪೂರ ಹಚ್ಚಿದ್ದಾಯಿತು, ಕಾಯಿ ಒಡೆದದ್ದಾಯಿತು. ಆಮೇಲೆ ಎದ್ದ ಸದ್ದಿನಲ್ಲಿ ಯಾರ ಮಾತೂ ಯಾರಿಗೂ ಕೇಳಿಸಲಿಲ್ಲ.

ಮುನ್ನೂರು ಅಡಿ, ಐನೂರು, ಎಂಟುನೂರು. ಬರೀ ಬಿಳಿ ಧೂಳು. ಬೆಂಗಳೂರಿನ ಕಾಲಡಿಯ ಕಲ್ಲಿಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಲಾಲ್‌ಬಾಗಿನಲ್ಲಿ ಬೆನ್ನು ತೋರಿಸಿಕೊಂಡು ಮಲಗಿದೆಯಲ್ಲ, ಅದೇ ಕಲ್ಲು. ಅದರೊಳಗೆ ನೀರಿರುವುದು ಬಿರುಕುಗಳಲ್ಲಿ ಮಾತ್ರ. ಬಿರುಕು ಸಿಕ್ಕರೆ ಉಂಟು, ಇಲ್ಲವಾದರೆ ಇಲ್ಲ. ಆಳಕ್ಕೆ ಹೋದಂತೆಲ್ಲ ಅಡಿಯ ದರವೂ ಏರುತ್ತದೆ. ಭಾವ ಮೊಬೈಲಿನ ಬೆಳಕಿನಲ್ಲಿ ಲೆಕ್ಕ ಹಾಕುತ್ತ ಕೂತಿದ್ದರು. ನಡುರಾತ್ರಿ ದಾಟಿದ ಮೇಲೆ ಏಜೆಂಟ್ ಕಿವಿಯ ಹತ್ತಿರ ಬಾಯಿಟ್ಟು ಕೂಗಿದ: “ಸಾರ್, ಸಾವಿರದ ನೂರು ಆಯ್ತು!”

ನನಗೆ ಒಂದು ಅಂಕಿ ನೆನಪಾಯಿತು. 1,180.

1908ರ ಮೇ 26ರ ನಸುಕು. ಪರ್ಷಿಯಾದ ನೈಋತ್ಯ ಬೆಟ್ಟಸಾಲಿನ ಮಸ್ಜಿದ್ ಸುಲೇಮಾನ್ ಎಂಬಲ್ಲಿ ಬಾವಿ ಕೊರೆಯುತ್ತಿದ್ದವರು ಮುಟ್ಟಿದ ಆಳ ಅದು. ಎಣ್ಣೆ ಕೊರೆಗೋಪುರದ ತುದಿಯನ್ನೂ ದಾಟಿ ಚಿಮ್ಮಿತು. ಕೆಲಸದ ಮೇಲ್ವಿಚಾರಕ ಜಾರ್ಜ್ ರೆನಾಲ್ಡ್ಸ್, ಹಿಂದೆ ಇಂಡಿಯಾದ ಲೋಕೋಪಯೋಗಿ ಇಲಾಖೆಯಲ್ಲಿದ್ದವನು. ಕಾವಲಿಗಿದ್ದವರು ನಮ್ಮ ಕಡೆಯಿಂದ ಹೋದ ಬೆಂಗಾಲ್ ಲ್ಯಾನ್ಸರ್ಸ್ ಕುದುರೆ ಸವಾರರು. ಹಣ ಹಾಕಿದ್ದ ಗ್ಲಾಸ್ಗೋದ ಯಜಮಾನರಿಗೆ ತಾಳ್ಮೆ ಮುಗಿದು, 1,600 ಅಡಿಗೆ ಏನೂ ಸಿಗದಿದ್ದರೆ ಗಂಟುಮೂಟೆ ಕಟ್ಟಿ ಎಂದು ಪತ್ರ ಬರೆದಿದ್ದರು. ಪತ್ರ ಇನ್ನೂ ದಾರಿಯಲ್ಲಿತ್ತು. ಎಣ್ಣೆ ಮೊದಲು ಬಂತು.

ಕೆಂಗೇರಿಯಲ್ಲಿ ಕುಡಿಯುವ ನೀರಿಗಾಗಿ ನಾವು ಇಳಿಯುವ ಆಳಕ್ಕೇ ಅಲ್ಲೊಂದು ಶತಮಾನದ ರಾಜಕೀಯ ಮಲಗಿತ್ತು! ಆದರೆ ನನ್ನನ್ನು ಹೆಚ್ಚು ಕಾಡುವುದು ಎಣ್ಣೆ ಕಂಡವರ ಕಥೆಯಲ್ಲ. ಮೂವತ್ತೆರಡು ವರ್ಷ ಬ್ಯಾಂಕಿನ ಕೌಂಟರ್ ಹಿಂದೆ ಕೂತವನಿಗೆ ಕಾಡಬೇಕಾದ್ದು ಇನ್ನೊಂದು: ಅದೇ ಎಣ್ಣೆಯ ಹಕ್ಕು ಮೊದಲು ಒಂದು ಬ್ಯಾಂಕಿನ ಕೈಯಲ್ಲಿತ್ತು.

ಇಂಪೀರಿಯಲ್ ಬ್ಯಾಂಕ್ ಆಫ್ ಪರ್ಷಿಯಾ. ಸುದ್ದಿಸಂಸ್ಥೆಗೆ ಹೆಸರು ಕೊಟ್ಟ ಆ ರಾಯ್ಟರ್, ಜೂಲಿಯಸ್ ರಾಯ್ಟರ್, 1872ರಲ್ಲಿ ಪರ್ಷಿಯಾದ ರೈಲು, ಗಣಿ, ಕಾಡು ಎಲ್ಲವನ್ನೂ ಒಂದೇ ಕಾಗದದಲ್ಲಿ ಬರೆಸಿಕೊಂಡಿದ್ದ. ಮರುವರ್ಷವೇ ಅದು ರದ್ದಾಯಿತು. ಹದಿನಾರು ವರ್ಷ ಬೆನ್ನುಬಿಡದೆ ಕಾದ ಮೇಲೆ, ಪರಿಹಾರವೋ ಎಂಬಂತೆ 1889ರಲ್ಲಿ ಷಾ ನಾಸಿರುದ್ದೀನ್ ಅವನಿಗೆ ಬ್ಯಾಂಕ್ ತೆರೆಯುವ ಸನ್ನದು ಕೊಟ್ಟ. ಅರವತ್ತು ವರ್ಷದ ಮಾತು. ದೇಶದಲ್ಲಿ ನೋಟು ಚಲಾವಣೆಗೆ ಬಿಡುವ ಹಕ್ಕು ಇವನೊಬ್ಬನದೇ. ಬ್ಯಾಂಕ್ ಇಂಗ್ಲಿಷರದು, ಕೇಂದ್ರ ಕಚೇರಿ ಲಂಡನ್ನಿನಲ್ಲಿ. ಜನರ ಬಾಯಲ್ಲಿ ಮಾತ್ರ ಅದು ‘ಶಾಹಿ’ ಬ್ಯಾಂಕು. ಶಾಹಿ ಎಂದರೆ ರಾಜನದು. ನಮ್ಮ ಕಿವಿಗೆ ಅದು ‘ಶಾಯಿ’ ಎಂದು ಕೇಳಿಸಿದರೂ ತಪ್ಪಿಲ್ಲ, ಕಾಗದದ ಮೇಲಿನ ಮಸಿಯನ್ನು ಬೆಳ್ಳಿಯೆಂದು ನಂಬಿಸುವುದೇ ಅದರ ವ್ಯಾಪಾರವಾಗಿತ್ತು.

ಅದೇ ಸನ್ನದಿನಲ್ಲಿ ಗಣಿಯ ಹಕ್ಕೂ ಇತ್ತು, ಪೆಟ್ರೋಲಿಯಂ ಸೇರಿ. ಬ್ಯಾಂಕಿನವರು 1890ರಲ್ಲಿ ಗಣಿಗೆಂದೇ ಬೇರೆ ಕಂಪನಿ ಮಾಡಿದರು. ಬುಶೇರ್ ಬಂದರಿನ ಒಳನಾಡಿನ ದಾಲಕಿಯಲ್ಲಿ, ಖೆಶ್ಮ್ ದ್ವೀಪದಲ್ಲಿ ಕೊರೆದು ನೋಡಿದರು. ಧೂಳು. 1901ರ ಹೊತ್ತಿಗೆ ಕಂಪನಿ ಮುಚ್ಚಿತು. ಅದೇ ವರ್ಷ ಮೇ 28ರಂದು ಆಸ್ಟ್ರೇಲಿಯಾದ ಚಿನ್ನದಲ್ಲಿ ಹಣ ಮಾಡಿದ್ದ ವಿಲಿಯಂ ಡಾರ್ಸಿ ಪರ್ಷಿಯಾದ ಎಣ್ಣೆಯ ಹಕ್ಕು ಬರೆಸಿಕೊಂಡ. 20,000 ಪೌಂಡ್ ನಗದು, ಅಷ್ಟೇ ಬೆಲೆಯ ಷೇರು, ಲಾಭದಲ್ಲಿ ಶೇ. 16. ಪುಣ್ಯಾತ್ಮ ಪರ್ಷಿಯಾಕ್ಕೆ ಒಮ್ಮೆಯೂ ಕಾಲಿಡಲಿಲ್ಲ.

ಹಾಗಾದರೆ ಆ ವರ್ಷಗಳಲ್ಲಿ ಶಾಹಿ ಬ್ಯಾಂಕಿನ ಕಣ್ಣು ಎಲ್ಲಿತ್ತು? ಎದುರು ಬ್ಯಾಂಕಿನ ಮೇಲೆ. 1890ರಲ್ಲಿ ಪೊಲ್ಯಾಕೊವ್ ಎಂಬ ರಷ್ಯನ್ ಸಾಹುಕಾರ ತಾನೂ ಒಂದು ಸನ್ನದು ಗಿಟ್ಟಿಸಿದ. ನಾಲ್ಕು ವರ್ಷದಲ್ಲಿ ಅದನ್ನು ರಷ್ಯಾ ಸರ್ಕಾರದ ಸ್ಟೇಟ್ ಬ್ಯಾಂಕೇ ಕೊಂಡುಕೊಂಡಿತು. ಅದು ‘ಇಸ್ತಿಕ್ರಾಜಿ’, ಸಾಲದ ಬ್ಯಾಂಕು. ಲಾಭ ಬಾರದಿದ್ದರೂ ಪರವಾಗಿಲ್ಲ, ಜಾರ್ ದೊರೆಯ ಖಜಾನೆ ಹಿಂದಿದೆ. ಇತ್ತ ಇಂಗ್ಲಿಷರಿಗೆ ವರ್ಷಕ್ಕೊಮ್ಮೆ ಷೇರುದಾರರಿಗೆ ಮುಖ ತೋರಿಸಬೇಕು. ಒಬ್ಬ ಆಡುತ್ತಿದ್ದುದು ವ್ಯಾಪಾರ, ಇನ್ನೊಬ್ಬ ಆಡುತ್ತಿದ್ದುದು ಚದುರಂಗ.

ಶಾಹಿ ಬ್ಯಾಂಕಿನ ನೋಟು ಯಾವ ಊರಿನ ಶಾಖೆಯದೋ ಆ ಊರಿನಲ್ಲಿ ಮಾತ್ರ ಬೆಳ್ಳಿಯ ಕ್ರಾನ್ ನಾಣ್ಯವಾಗುತ್ತಿತ್ತು. ಊರಿಂದೂರಿಗೆ ಬೆಳ್ಳಿ ಹೋಗಬೇಕೆಂದರೆ ಪ್ರಾಣಿಗಳ ಬೆನ್ನೇ ಗತಿ. ಇದನ್ನು ಬಲ್ಲ ರಷ್ಯನ್ನರ ವರಸೆ ಸರಳವಾಗಿತ್ತು: ಎದುರಾಳಿಯ ನೋಟುಗಳನ್ನು ಸದ್ದಿಲ್ಲದೆ ಕೂಡಿಹಾಕುವುದು, ಒಂದು ದಿನ ಕಟ್ಟುಗಟ್ಟಲೆ ಕೌಂಟರಿಗೆ ತಂದು ‘ಬೆಳ್ಳಿ ಕೊಡಿ’ ಎನ್ನುವುದು. ಓದಿದಾಗ ನನಗೆ ಹೊಟ್ಟೆಯೊಳಗೆ ತಣ್ಣಗಾಯಿತು. ಶನಿವಾರ ಮಧ್ಯಾಹ್ನ ಚೆಸ್ಟ್‌ನಲ್ಲಿ ಕ್ಯಾಷ್ ಕಡಿಮೆಯಿದ್ದು, ಗಿರಾಕಿಯೊಬ್ಬರು ದೊಡ್ಡ ಮೊತ್ತದ ಚೆಕ್ ಹಿಡಿದು ಕೌಂಟರಿಗೆ ಬಂದರೆ ಏನಾಗುತ್ತದೆಂದು ಕ್ಯಾಷಿಯರ್‌ಗಳಿಗೆ ಗೊತ್ತು. ಮುಖದ ಮೇಲೆ ನಗು ಇಟ್ಟುಕೊಂಡೇ ನಿಧಾನವಾಗಿ ಎಣಿಸಬೇಕು. ತೆಹರಾನಿನ ಆ ಕ್ಯಾಷಿಯರ್ ಕೂಡ ಹಾಗೇ ಎಣಿಸಿರಬೇಕು, ಒಂದೊಂದೇ ಕ್ರಾನ್ ಕಟ್ಟೆಗೆ ಬಡಿದು ಸದ್ದು ಕೇಳಿಸಿಕೊಳ್ಳುತ್ತ.

ಸಾಲದಲ್ಲೂ ಅದೇ ಜಿದ್ದು. ತಂಬಾಕಿನ ಗುತ್ತಿಗೆಯ ವಿರುದ್ಧ ಜನ ದಂಗೆಯೆದ್ದು ಷಾ ಅದನ್ನು ರದ್ದು ಮಾಡಿದಾಗ, ಕಂಪನಿಗೆ ಪರಿಹಾರ ಕಟ್ಟಲು 1892ರಲ್ಲಿ ಶಾಹಿ ಬ್ಯಾಂಕು 5 ಲಕ್ಷ ಪೌಂಡ್ ಸಾಲ ಕೊಟ್ಟಿತು. 1900ರಲ್ಲಿ ರಷ್ಯಾ 2.25 ಕೋಟಿ ರೂಬಲ್ ಸಾಲ ಕೊಟ್ಟಿತು, ಇಂಗ್ಲಿಷರ ಸಾಲವನ್ನು ಮೊದಲು ತೀರಿಸಬೇಕು ಎಂಬ ಷರತ್ತಿನ ಮೇಲೆ. ಇವತ್ತು ರಾಜಾಜಿನಗರದ ಶಾಖೆಗಳಿಂದ ಹುಡುಗಿಯರು ಫೋನ್ ಮಾಡಿ ‘ಹೋಂ ಲೋನ್ ನಮ್ಮ ಬ್ಯಾಂಕಿಗೆ ಟೇಕ್ ಓವರ್ ಮಾಡಿಸಿ ಸಾರ್’ ಎನ್ನುತ್ತಾರಲ್ಲ, ಅದೇ. ಅಡಮಾನ ಮಾತ್ರ ಮನೆಯಲ್ಲ, ಒಂದು ದೇಶದ ಸುಂಕದ ಕಟ್ಟೆ.

1907ರಲ್ಲಿ ಎರಡು ಸಾಮ್ರಾಜ್ಯಗಳೂ ಕೂತು ನಕ್ಷೆಯ ಮೇಲೆ ಗೆರೆ ಎಳೆದವು. ಉತ್ತರ ರಷ್ಯಾಕ್ಕೆ, ಆಗ್ನೇಯ ಇಂಗ್ಲೆಂಡಿಗೆ, ನಡುವಿನದು ಯಾರಿಗೂ ಬೇಡದ ತಟಸ್ಥ ಭಾಗ. ಮರುವರ್ಷ ಎಣ್ಣೆ ಉಕ್ಕಿದ್ದು ಆ ಯಾರಿಗೂ ಬೇಡದ ಭಾಗದಲ್ಲಿ! ಷಾನನ್ನು ಕೇಳದೆ ಅವನ ನೆಲ ಹಂಚಿಕೊಂಡವರಿಗೆ ಆ ನೆಲವೇ ಕೊಟ್ಟ ಉತ್ತರ ಎನ್ನೋಣವೇ ಎಂದುಕೊಂಡೆ. ಆದರೆ ನೆಲಕ್ಕೆ ಅಂಥ ಬುದ್ಧಿಯೆಲ್ಲ ಇಲ್ಲ. ಕೋಟ್ಯಂತರ ವರ್ಷದ ಹಿಂದೆ ಅಲ್ಲಿ ಕಡಲಿತ್ತು, ಸುಣ್ಣಕಲ್ಲು ಕೂತಿತು, ಎಣ್ಣೆ ನಿಂತಿತು. ಬೆಳ್ಳಿ ಎಣಿಸುತ್ತಿದ್ದವರ ಕಾಲಡಿ ಅದು ಸುಮ್ಮನೆ ಇತ್ತು.

ಆಮೇಲಿನದನ್ನು ಬೇಗ ಹೇಳಿಬಿಡಬಹುದು. ಕ್ರಾಂತಿಯ ಬಳಿಕ, 1921ರ ಒಪ್ಪಂದದಲ್ಲಿ ಸೋವಿಯತ್ ಸರ್ಕಾರ ತನ್ನ ಬ್ಯಾಂಕನ್ನು ಪರ್ಷಿಯಾಕ್ಕೆ ಬಿಟ್ಟಿಯಾಗಿ ಕೊಟ್ಟುಬಿಟ್ಟಿತು. ಗೆದ್ದುಳಿದ ಶಾಹಿ ಬ್ಯಾಂಕು ಕೊಲ್ಲಿ ದಾಟಿ 1942ರಲ್ಲಿ ಕುವೈತಿಗೆ, 1944ರಲ್ಲಿ ಬಹರೇನಿಗೆ ಹೋಯಿತು. ಬಹರೇನಿನಲ್ಲಿ 1920ರಿಂದ ಈಸ್ಟರ್ನ್ ಬ್ಯಾಂಕು ಒಂಟಿ ರಾಜನಾಗಿತ್ತು, 1932ರಲ್ಲಿ ಎಣ್ಣೆಯೂ ಸಿಕ್ಕಿತ್ತು, ಮತ್ತೆ ಪೈಪೋಟಿ. ಎರಡೂ ಲಂಡನ್ನಿನವು, ಅವು ಎಣಿಸುತ್ತಿದ್ದುದು ಮಾತ್ರ ನಮ್ಮ ರೂಪಾಯಿ. ಆ ಮರಳುಗಾಡಿನಲ್ಲಿ ಚಲಾವಣೆಯ ಹಣ ಅದೇ. ಚಿನ್ನದ ಕಳ್ಳಸಾಗಣೆಯಲ್ಲಿ ನಮ್ಮ ವಿದೇಶಿ ವಿನಿಮಯ ಸೋರಿಹೋಗುತ್ತಿದೆಯೆಂದು 1959ರಲ್ಲಿ ರಿಸರ್ವ್ ಬ್ಯಾಂಕು ಕೊಲ್ಲಿಗೆಂದೇ ಬೇರೆ ಬಣ್ಣದ ನೋಟು ಮಾಡಿತು. ಅದೇ ವರ್ಷ ಹಳೆಯ ಶಾಹಿ ಬ್ಯಾಂಕನ್ನು ಹಾಂಗ್‌ಕಾಂಗ್ ಬ್ಯಾಂಕು ಕೊಂಡಿತು, ಎಂ.ಜಿ. ರಸ್ತೆಯಲ್ಲಿ ಎಚ್‌ಎಸ್‌ಬಿಸಿ ಬೋರ್ಡು ಕಂಡಾಗಲೆಲ್ಲ ಅದರೊಳಗೆಲ್ಲೋ ರಾಯ್ಟರನ ಸನ್ನದು ಮಡಚಿಕೊಂಡು ಕೂತಂತೆ ನನಗೆ ಅನಿಸುತ್ತದೆ.

ಗ್ಲಾಸ್ಗೋದಿಂದ ಪತ್ರ ಬರೆದ ಯಜಮಾನರು? ಅದು ಬರ್ಮಾ ಆಯಿಲ್. 1928ರಲ್ಲಿ ಷೆಲ್ ಜೊತೆ ಸೇರಿ ಇಲ್ಲಿ ಬರ್ಮಾ-ಷೆಲ್ ಆಯಿತು. ನಮ್ಮಜ್ಜಿಯ ಲಾಂದ್ರಕ್ಕೆ ಸೀಮೆಎಣ್ಣೆ ಕೊಟ್ಟ ಹೆಸರದು. ಯಾವ ಸೀಮೆಯದೆಂದು ಅಜ್ಜಿ ಕೇಳಿರಲಿಲ್ಲ. ಖಾಲಿಯಾದ ಡಬ್ಬ ಮಾತ್ರ ನೀರು ಹೊರಲು ಬೇಕಿತ್ತು. 1976ರಲ್ಲಿ ಸರ್ಕಾರ ಬರ್ಮಾ-ಷೆಲ್ಲನ್ನು ವಹಿಸಿಕೊಂಡಿತು, ಮರುವರ್ಷ ಭಾರತ್ ಪೆಟ್ರೋಲಿಯಂ ಎಂಬ ಹೆಸರು ಬಂತು. ಆ ರಾತ್ರಿ ಬರುವಾಗ ನಾನು ಸ್ಕೂಟರಿಗೆ ಇನ್ನೂರು ರೂಪಾಯಿಯ ಪೆಟ್ರೋಲ್ ಹಾಕಿಸಿದ್ದು ಅವರದೇ ಬಂಕಿನಲ್ಲಿ. ನಮ್ಮ ಬೀದಿಯ ಅಜ್ಜಿಯೊಬ್ಬರಿಗೆ ಬಂಕಿಗೂ ಬ್ಯಾಂಕಿಗೂ ಉಚ್ಚಾರದಲ್ಲಿ ವ್ಯತ್ಯಾಸವಿಲ್ಲ. “ಪಿಂಚಣಿ ಬಂಕ್‌ಗೆ ಬಂತಾ ನೋಡಪ್ಪ” ಎನ್ನುತ್ತಾರೆ. ಇನ್ನು ತಿದ್ದಲು ನನಗೆ ಮನಸ್ಸು ಬರಲಿಕ್ಕಿಲ್ಲ.

ಸದ್ದು ತಟ್ಟನೆ ನಿಂತಿತು. ಕಿವಿಯೊಳಗೆ ಇನ್ನೂ ಗುಂಯ್‌ಗುಡುತ್ತಿತ್ತು. ರಿಗ್ಗಿನ ಹುಡುಗ ಮೈಯೆಲ್ಲ ಬೂದಿ ಬಳಿದವನಂತೆ ಬಂದು, ಹೊರಬಂದ ಪುಡಿಯನ್ನು ಮುಷ್ಟಿಯಲ್ಲಿ ಹಿಡಿದು ಹಿಸುಕಿದ. ಅದು ಅಂಟಿತೋ ಉದುರಿತೋ ಟಾರ್ಚಿನ ಬೆಳಕಿನಲ್ಲಿ ತಿಳಿಯಲಿಲ್ಲ. ಏಜೆಂಟ್ ಪುಸ್ತಕದಲ್ಲಿ ಅಡಿ ಬರೆದುಕೊಂಡು ಭಾವನ ಮುಖ ನೋಡಿದ. “ಇನ್ನೂ ನೂರು ಬಿಡೋಣ್ವಾ ಸಾರ್, ಇಲ್ಲ ನಿಲ್ಸೋಣ್ವಾ?”

ಭಾವ ನನ್ನ ಮುಖ ನೋಡಿದರು.