ಓಡಿಹೋಗುವುದು ಬೇರೆ, ಹೊರಡುವುದು ಬೇರೆ

🌼 *ಇಂದಿನ ಧಮ್ಮ ಚಿಂತನೆ* 🌼


ಬಂಧುಗಳೇ,

ಮನೆ ಬಿಟ್ಟು ಓಡುವ ಹುಡುಗರ ಸಿನಿಮಾ ಅಂದರೆ ಮಕ್ಕಳಿಗೂ ಇಷ್ಟ, ದೊಡ್ಡವರಿಗೂ ಇಷ್ಟ. 1993ರಲ್ಲಿ ಬಂದ ಟಿ.ಎಸ್. ನಾಗಾಭರಣ ಅವರ 'ಚಿನ್ನಾರಿ ಮುತ್ತ'ದಲ್ಲಿ ಹಳ್ಳಿ ಹುಡುಗ ಬೆಂಗಳೂರು ಸೇರಿ ಓಟಗಾರನಾಗುತ್ತಾನೆ. ಪೃಥ್ವಿ ಕೋಣನೂರು ಅವರ 'ರೈಲ್ವೇ ಚಿಲ್ಡ್ರನ್' (2016) ಇನ್ನೊಂದು ಮುಖ ತೋರಿಸುತ್ತದೆ. ಮನೆ ಬಿಟ್ಟ ಮಕ್ಕಳು ರೈಲ್ವೆ ನಿಲ್ದಾಣದಲ್ಲಿ ಹೇಗೆ ಬದುಕುತ್ತಾರೆ ಎಂಬುದು ಅದರ ಕಥೆ. ಅದರಲ್ಲಿ ನಟಿಸಿದ ಬಾಲಕ ಮನೋಹರನಿಗೆ ರಾಷ್ಟ್ರಪ್ರಶಸ್ತಿ ಬಂತು.

ಈ ಸಿನಿಮಾಗಳ ಮಾತು ಬಂದಾಗ ನಮ್ಮ ಅಧ್ಯಯನ ಬಳಗದ ಒಬ್ಬ ಹುಡುಗ ನನ್ನನ್ನು ಕೇಳಿದ: "ಸಾರ್, ಸಿದ್ಧಾರ್ಥನೂ ಮನೆ ಬಿಟ್ಟು ಹೋದ್ರಲ್ವಾ? ಅವ್ರಿಗೆ ವಂದನೆ ಮಾಡ್ತೀವಿ, ಈ ಹುಡುಗ್ರಿಗೆ ಯಾಕೆ ಬೈತೀವಿ?"

ಇದನ್ನು ತಲೆಹರಟೆ ಎಂದು ತಳ್ಳಿಹಾಕುವ ಹಾಗಿಲ್ಲ. ನಮ್ಮ ಸೀಮೆಯಲ್ಲಿ ಮನೆ ಬಿಡುವುದು ಬಹಳ ಸುಲಭ. ಮಾಲೂರಿನಲ್ಲೋ ಬಂಗಾರಪೇಟೆಯಲ್ಲೋ ರೈಲು ಹತ್ತಿದರೆ ಬೆಂಗಳೂರು. ಮುಳಬಾಗಿಲಿನಲ್ಲಿ ಊರ ಪಕ್ಕದಲ್ಲೇ ಹೆದ್ದಾರಿ. ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಸುಗ್ಗಿಯ ಕೂಲಿ ಮಾಡಿದ ಹುಡುಗನ ಜೇಬಿನಲ್ಲಿ ನಾಲ್ಕು ಕಾಸೂ ಇರುತ್ತದೆ. ಅಪ್ಪ ಒಂದು ಏಟು ಹೊಡೆದರೆ ಸಾಕು, ಅಣ್ಣ ತಮ್ಮನ ಕೈ ಹಿಡಿದುಕೊಂಡು ಹೊರಟೇಬಿಡುತ್ತಾನೆ. ಹಾಗಾಗಿ ಆ ಹುಡುಗನಿಗೆ ಸರಿಯಾದ ಉತ್ತರ ಕೊಡಲೇಬೇಕು.

*ಮೊದಲು ಬಾಬಾಸಾಹೇಬರ ಬಾಲ್ಯ ನೋಡೋಣ.* ಅವರೂ ಒಮ್ಮೆ ಮನೆ ಬಿಡಲು ಹೊರಟಿದ್ದರು. ಮುಂಬೈ ಗಿರಣಿಯಲ್ಲಿ ಕೂಲಿ ಸಿಗುತ್ತದೆ, ತಂದೆಯ ಹಂಗಿಲ್ಲದೆ ಬದುಕಬಹುದು ಎಂಬ ಆಸೆ. ರೈಲಿನ ಖರ್ಚಿಗೆ ಸೋದರತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಹಣದ ಚೀಲ ಕದಿಯಲು ಮೂರು ರಾತ್ರಿ ಪ್ರಯತ್ನಿಸಿದರು. ನಾಲ್ಕನೆಯ ರಾತ್ರಿ ಚೀಲ ಸಿಕ್ಕಿತು. ಒಳಗಿದ್ದದ್ದು ಅರ್ಧ ಆಣೆ! ಅಂದೇ ಅವರು ಆ ಯೋಚನೆ ಬಿಟ್ಟು, ಚೆನ್ನಾಗಿ ಓದಿ ಸ್ವಂತ ಕಾಲ ಮೇಲೆ ನಿಲ್ಲುತ್ತೇನೆಂದು ನಿಶ್ಚಯಿಸಿದರು.

ಇದನ್ನು ಬರೀ ಅದೃಷ್ಟ ಅನ್ನುವುದು ಬೇಡ. ಹಂಗು ಬೇಡ ಎಂಬ ಅವರ ಹಂಬಲದಲ್ಲಿ ತಪ್ಪಿರಲಿಲ್ಲ. ಹಂಬಲ ಹಾಗೇ ಉಳಿಯಿತು, ಅದಕ್ಕೆ ಹಿಡಿದ ದಾರಿ ಬದಲಾಯಿತು. 'ಇಲ್ಲಿಂದ ಹೇಗೆ ತಪ್ಪಿಸಿಕೊಳ್ಳಲಿ' ಎನ್ನುತ್ತಿದ್ದ ಮನಸ್ಸು 'ನಾನು ಹೇಗೆ ಸ್ವತಂತ್ರನಾಗಲಿ' ಎಂದು ಕೇಳತೊಡಗಿತು.

*ಈಗ ಸಿದ್ಧಾರ್ಥರ ವಿಷಯ.* ಮಧ್ಯರಾತ್ರಿ ಮಲಗಿದ್ದ ಹೆಂಡತಿ ಮಗುವನ್ನು ಬಿಟ್ಟು ಗುಟ್ಟಾಗಿ ಹೋದರು ಎಂಬ ಕಥೆಯನ್ನೇ ನಾವೆಲ್ಲ ಕೇಳಿ ಬೆಳೆದದ್ದು. ಬಾಬಾಸಾಹೇಬರು 'ಬುದ್ಧ ಮತ್ತು ಅವನ ಧಮ್ಮ'ದಲ್ಲಿ ಅದನ್ನು ಒಪ್ಪಲಿಲ್ಲ. ಅವರು ಹೇಳುವ ಪ್ರಕಾರ ರೋಹಿಣಿ ನದಿಯ ನೀರಿಗಾಗಿ ಶಾಕ್ಯರು ಕೋಲಿಯರ ಮೇಲೆ ಯುದ್ಧಕ್ಕೆ ನಿಂತಾಗ ಸಿದ್ಧಾರ್ಥರು ವಿರೋಧಿಸಿದರು. ಶಾಕ್ಯ ಸಂಘದ ಮತದಲ್ಲಿ ಸೋತರು. ಸೈನ್ಯ ಸೇರದಿದ್ದರೆ ಅವರ ಕುಟುಂಬಕ್ಕೆ ಬಹಿಷ್ಕಾರ ಹಾಕಬಹುದಿತ್ತು, ಹೊಲ ಕಿತ್ತುಕೊಳ್ಳಬಹುದಿತ್ತು. ಆ ಶಿಕ್ಷೆ ಮನೆಯವರ ಮೇಲೆ ಬೀಳಬಾರದೆಂದು ತಾವೇ ಪರಿವ್ರಾಜಕರಾಗಲು ಒಪ್ಪಿದರು. ತಂದೆತಾಯಿಗೆ ತಿಳಿಸಿದರು. ಯಶೋಧರೆಯ ಜೊತೆ ಮಾತಾಡಿದರು. ಆಕೆ ಧೈರ್ಯದಿಂದ ಒಪ್ಪಿಗೆ ಕೊಟ್ಟರು. ಬಹಿಷ್ಕಾರ ಅಂದರೆ ಏನೆಂದು ನಮ್ಮ ಜನಕ್ಕೆ ಬಿಡಿಸಿ ಹೇಳಬೇಕಿಲ್ಲ.

ಓಡಿಹೋಗುವವನು ಯಾರಿಗೂ ಹೇಳುವುದಿಲ್ಲ, ನೋವನ್ನು ಹಿಂದೆ ಉಳಿದವರ ಮೇಲೆ ಹಾಕಿಹೋಗುತ್ತಾನೆ. ಹೊರಡುವವನು ಹೇಳಿ ಹೊರಡುತ್ತಾನೆ, ನೋವಿನ ದೊಡ್ಡ ಪಾಲನ್ನು ತಾನೇ ಹೊರುತ್ತಾನೆ. ಇದೇ ವ್ಯತ್ಯಾಸ.

ವಿನಯದಲ್ಲೂ ಇದಕ್ಕೆ ಆಧಾರವಿದೆ. ಬಾಲಕ ರಾಹುಲನಿಗೆ ಪಬ್ಬಜ್ಜೆ ಕೊಟ್ಟಾಗ ತಾತ ಶುದ್ಧೋದನರು ಬಂದು, ಮಗನ ಮೇಲಿನ ಪ್ರೀತಿ ಚರ್ಮ ಸೀಳಿ ಮೂಳೆಯ ಮಜ್ಜೆಯವರೆಗೆ ಇಳಿಯುತ್ತದೆ ಎಂದು ಸಂಕಟ ತೋಡಿಕೊಂಡರು. ಭಗವಾನ್ ಬುದ್ಧರು ಮುದುಕರ ಮಾತೆಂದು ತಳ್ಳಲಿಲ್ಲ. ತಂದೆತಾಯಿಯ ಅನುಮತಿ ಇಲ್ಲದೆ ಯಾವ ಮಗನಿಗೂ ಪಬ್ಬಜ್ಜೆ ಕೊಡಬಾರದೆಂದು ನಿಯಮ ಮಾಡಿದರು.

*ಆದರೆ ಬಂಧುಗಳೇ, ಈ ನಿಯಮ ಮಕ್ಕಳಿಗೆ ಮಾತ್ರ ಅಂತ ತಿಳಿಯಬೇಡಿ.* ಹೇಳಿ ಹೋಗು ಅನ್ನಬೇಕಾದರೆ ಆ ಮನೆಯಲ್ಲಿ ಹೇಳಿಕೊಳ್ಳುವುದಕ್ಕೆ ಜಾಗ ಇರಬೇಕು. ಸಿಗಾಲೋವಾದ ಸುತ್ತದಲ್ಲಿ ಮಕ್ಕಳಿಗೆ ಐದು ಕರ್ತವ್ಯ ಹೇಳಿದ ಬುದ್ಧರು ತಂದೆತಾಯಿಗೂ ಐದು ಹೇಳಿದರು: ಕೆಟ್ಟದ್ದರಿಂದ ತಡೆಯುವುದು, ಒಳ್ಳೆಯದರಲ್ಲಿ ತೊಡಗಿಸುವುದು, ಕಸುಬು ಕಲಿಸುವುದು, ತಕ್ಕ ಮದುವೆ ಮಾಡುವುದು, ಕಾಲಕ್ಕೆ ಆಸ್ತಿ ಒಪ್ಪಿಸುವುದು. ಕುಡಿದು ಬಂದು ಬೆಲ್ಟು ಬಿಚ್ಚುವುದು ಈ ಐದರಲ್ಲಿ ಇಲ್ಲ. ಹುಡುಗ ರೈಲು ಹತ್ತಿದ ದಿನ ತಪ್ಪನ್ನು ಅವನೊಬ್ಬನ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ.

ಇನ್ನೊಂದು ಮಾತು. ಜೀತದ ಮನೆಯಿಂದ ಓಡಿಬಂದ ಮಗುವನ್ನು 'ಓಡಿಹೋದವನು' ಅನ್ನಬಾರದು. ಅವನು ಬಿಡಿಸಿಕೊಂಡು ಬಂದವನು. 1976ರ ಕಾಯ್ದೆ ಜೀತವನ್ನೇ ರದ್ದು ಮಾಡಿದೆ. ಅಂಥ ಮಗುವಿಗೆ ಹೇಳಿ ಹೊರಡು ಎನ್ನುವುದು ಯಜಮಾನನ ಪರ ಮಾತಾಡಿದ ಹಾಗೆ.

ನಮ್ಮ ಧಮ್ಮ ದೀಕ್ಷೆಯನ್ನೂ 'ಓಡಿಹೋದರು' ಎಂದು ಹಂಗಿಸುವವರಿದ್ದಾರೆ. ಲೆಕ್ಕ ನೋಡಿ. 1935ರ ಅಕ್ಟೋಬರ್ 13ರಂದು ಯೇವಲಾದಲ್ಲಿ ಬಾಬಾಸಾಹೇಬರು ಬಹಿರಂಗವಾಗಿ ಘೋಷಿಸಿದರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ದೀಕ್ಷೆ ಪಡೆದರು. ನಡುವೆ 21 ವರ್ಷ ಓದು, ಚರ್ಚೆ, ಯೋಚನೆ. ಕೊನೆಗೆ ಲಕ್ಷಾಂತರ ಜನರ ಜೊತೆ ಹಾಡಹಗಲಲ್ಲಿ ನಡೆದರು. ಓಡುವವನು 21 ವರ್ಷ ಮೊದಲೇ ಹೇಳಿ ಓಡುತ್ತಾನೆಯೇ?

2022ರಲ್ಲಿ ನಮ್ಮ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ದೇವರ ಕೋಲು ಮುಟ್ಟಿದನೆಂದು ದಲಿತ ಬಾಲಕನ ಮನೆಗೆ 60 ಸಾವಿರ ರೂಪಾಯಿ ದಂಡ ಹಾಕಿದರು. ಆ ಮನೆಯವರು ಗೋಡೆಯ ಮೇಲಿನ ದೇವರ ಪಟಗಳನ್ನು ಇಳಿಸಿ ಬಾಬಾಸಾಹೇಬರ ಪಟ ಹಾಕಿದರು. ಹೊಸಿಲು ದಾಟದೆಯೂ ಹೀಗೆ ಹೊರಡಬಹುದು.

*ಇಂದಿನ ಅಭ್ಯಾಸ:* ರಾತ್ರಿ ಊಟಕ್ಕೆ ಕೂತಾಗ ಮಕ್ಕಳನ್ನು ಕೇಳಿ, "ನನಗೆ ಹೇಳೋಕೆ ಭಯ ಆಗೋ ವಿಷಯ ಏನಾದ್ರೂ ಇದ್ಯಾ ಮಗಾ?" ಉತ್ತರ ಬಂದಾಗ ಕೈ ಎತ್ತಬೇಡಿ, ಪೂರ್ತಿ ಕೇಳಿಸಿಕೊಳ್ಳಿ. ನಿಲ್ದಾಣದಲ್ಲಿ ಒಂಟಿ ಮಗು ಕಂಡರೆ 1098ಕ್ಕೆ ಫೋನ್ ಮಾಡಿ.

ಭವತು ಸಬ್ಬ ಮಂಗಲಂ.
ಸಾಧು, ಸಾಧು, ಸಾಧು 🙏