ಮೇ ತಿಂಗಳ ಹೂವಿಗೆ ನೀರು ಹೊತ್ತವರು



ಮಾತೆ ಮರಿಯಮ್ಮನವರ ತಿಂಗಳು ಮುಗಿಯುತ್ತ ಬಂದಿದೆ. ದಿನವೂ ಸಂಜೆ ಜಪಸರಕ್ಕೆ ಸೇರುವಾಗ ಅಮ್ಮನವರ ಸ್ವರೂಪದ ಮುಂದೆ ನಾವು ಇಡುವ ಹೂಗಳು ಯಾವುವು? ದುಂಡುಮಲ್ಲಿಗೆ, ದಾಸವಾಳ, ಕಣಗಿಲೆ, ಕಾಗದದ ಹೂ. ಬೇಸಿಗೆಯ ಕೊನೆಗೆ ನೂಲದ ಹಿತ್ತಿಲುಗಳಲ್ಲಿ ಉಳಿಯುವುದು ಹೆಚ್ಚುಕಡಿಮೆ ಇಷ್ಟೇ. ಮಲ್ಲಿಗೆ ಮರಾಠಿಯವರಿಗೆ ಮೋಗರಾ, ಕೊಂಕಣಿಯವರಿಗೆ ಮೊಗ್ರೆಂ. ಹೆಸರು ಯಾವುದಾದರೂ ಅದು ಬಿರಿಯುವುದು ಕತ್ತಲಾಗುವ ಹೊತ್ತಿಗೆ. ಮೊಗ್ಗಾಗಿ ತಂದಿಟ್ಟದ್ದು ಐದನೇ ರಹಸ್ಯಕ್ಕೆ ಬರುವಷ್ಟರಲ್ಲಿ ಅರಳಿ ಚರ್ಚೆಲ್ಲ ಪರಿಮಳ.

ಹೂವೆಂದರೆ ಸಂತ ಲೂಕರ ಶುಭಸಂದೇಶದ 12ನೇ ಅಧ್ಯಾಯ ನೆನಪಾಗುತ್ತದೆ. ನೂಲುವ ಕೆಲಸವನ್ನೇ ಅರಿಯದ ಬಯಲಿನ ಹೂಗಳಿಗೆ ಸೊಲೊಮೋನ ಅರಸನಿಗೂ ಇಲ್ಲದ ಉಡುಗೆಯನ್ನು ದೇವರು ತೊಡಿಸುತ್ತಾರೆ ಎಂದು ಪ್ರಭು ಹೇಳಿದ್ದು ಅಲ್ಲಿಯೇ. (ನಮ್ಮ ಊರಿನ ಹೆಸರೇ ನೂಲ ಆಗಿರುವುದರಿಂದ ಈ ಭಾಗ ಓದುವಾಗ ಧರ್ಮೋಪದೇಶದ ಮಕ್ಕಳು ಮುಸಿಮುಸಿ ನಗುತ್ತಾರೆ.) ಗಲಿಲೇಯದಲ್ಲಿ ಚಳಿಗಾಲದ ಮಳೆಗೆ ಚಿಗುರಿ ವಸಂತದಲ್ಲಿ ಅರಳಿದ ಬಯಲ ಹೂಗಳು ಬೇಸಿಗೆಗೆ ಒಣಗಿಹೋಗುತ್ತವೆ. ಅದಕ್ಕೇ ಇರಬೇಕು, ಪ್ರಭು ಮರುಮಾತಿನಲ್ಲೇ ಒಲೆ ಸೇರುವ ಹುಲ್ಲನ್ನೂ ನೆನೆದರು.

ನಮ್ಮ ಹಿತ್ತಿಲಿನ ಮೇ ತಿಂಗಳ ಹೂವಿನ ಕಥೆ ಬೇರೆ. ಯಾರೋ ನೀರು ಹೊತ್ತಿದ್ದರಿಂದ ಅದು ಬದುಕಿದೆ. ಕಾಗದದ ಹೂವಿನ ಮಾತು ಬಿಡಿ; ಅದರ ಬಣ್ಣದ ಭಾಗ ಹೂವೇ ಅಲ್ಲ, ಎಲೆ. ನಡುವಿನ ಪುಟ್ಟ ಬಿಳಿಯದೇ ನಿಜವಾದ ಹೂ. ನೀರು ಕಡಿಮೆಯಾದರೆ ಆ ಬಳ್ಳಿ ಇನ್ನಷ್ಟು ಮೈತುಂಬುತ್ತದೆ. ಮಲ್ಲಿಗೆ ಹಾಗಲ್ಲ. ನಳದ ನೀರು ದಿನ ಬಿಟ್ಟು ದಿನ ಬರುವಾಗ ಅಕ್ಕಿ ತೊಳೆದ ನೀರು, ಕೈಕಾಲು ತೊಳೆದ ನೀರು ಅದರ ಬುಡ ಸೇರಬೇಕು. ಮಕ್ಕಳು ಇಚಲಕರಂಜಿಯ ಮಗ್ಗಗಳಿಗೋ ಪುಣೆಗೋ ಹೋಗಿ, ಮನೆಯಲ್ಲಿ ಒಬ್ಬರೇ ಉಳಿದ ಅಜ್ಜಿಯಂದಿರು ನಮ್ಮಲ್ಲಿದ್ದಾರೆ. ಸೊಂಟ ನೋವಿನಲ್ಲೇ ಅರ್ಧ ಕೊಡ ತಂದು, ಅದರಲ್ಲೂ ಒಂದು ತಂಬಿಗೆ ಗಿಡಕ್ಕೆ ಹಾಕುತ್ತಾರೆ. ಹತ್ತು ಮೊಗ್ಗು ಸೆರಗಿನಲ್ಲಿ ಗಂಟು ಕಟ್ಟಿಕೊಂಡು ಬಂದು ಕೊನೆಯ ಸಾಲಿನಲ್ಲಿ ಕೂರುತ್ತಾರೆ.

ಸಮುವೇಲನ 2ನೇ ಗ್ರಂಥದ 23ನೇ ಅಧ್ಯಾಯದಲ್ಲಿ ಒಂದು ಪ್ರಸಂಗವಿದೆ. ಸುಗ್ಗಿಯ ಕಾಲ. ಅದುಲ್ಲಾಮ್ ಗವಿಯಲ್ಲಿದ್ದ ದಾವೀದನಿಗೆ ತನ್ನೂರು ಬೆತ್ಲೆಹೇಮಿನ ಬಾವಿಯ ನೀರು ಕುಡಿಯುವ ಆಸೆಯಾಯಿತು. ಊರಿನಲ್ಲಿ ಫಿಲಿಷ್ಟಿಯರ ಕಾವಲಿತ್ತು. ಮೂವರು ವೀರರು ಶತ್ರುಗಳ ಪಾಳೆಯದೊಳಗೇ ನುಗ್ಗಿ ಹೋಗಿ ನೀರು ಸೇದಿ ತಂದರು. ದಾವೀದ ಕುಡಿಯಲಿಲ್ಲ. ಜೀವವನ್ನೇ ಒತ್ತೆಯಿಟ್ಟು ತಂದ ಆ ನೀರನ್ನು ಅವರ ರಕ್ತವೆಂದೇ ಎಣಿಸಿ ಸರ್ವೇಶ್ವರನಿಗೆ ಅರ್ಪಣೆಯಾಗಿ ಸುರಿದುಬಿಟ್ಟ. ಅಜ್ಜಿಯ ಹತ್ತು ಮೊಗ್ಗುಗಳಲ್ಲಿರುವುದೂ ಅಂಥ ನೀರೇ ಎಂದು ನಾವು ನಂಬುತ್ತೇವೆ.

ಮೇ 31, ಮರಿಯಮ್ಮನವರು ಎಲಿಜಬೇತಮ್ಮನವರನ್ನು ಸಂಧಿಸಿದ ಹಬ್ಬ. ಅಂದಿನ ಮೆರವಣಿಗೆಗೆ ವಂತಿಗೆ ಎತ್ತಿ ಗಡಹಿಂಗ್ಲಜದಿಂದ ಜರ್ಬೆರಾ ಹೂ, ಥರ್ಮಾಕೋಲಿನ ಕಮಾನು ತರೋಣ, ಫೋಟೊ ಚೆನ್ನಾಗಿ ಬರುತ್ತದೆ ಎಂಬ ಮಾತು ನಮ್ಮ ಯುವಕೂಟದಲ್ಲಿ ಎದ್ದಿತು. ಮಹಾರಾಷ್ಟ್ರದಲ್ಲಿ 2018ರಿಂದ ಥರ್ಮಾಕೋಲ್ ಅಲಂಕಾರಕ್ಕೆ ನಿಷೇಧವಿದೆ. ಆ ಮಾತು ಅಲ್ಲಿಗೇ ಮುಗಿಯಿತು. ಬಲಿಪೂಜೆ ಗ್ರಂಥದ ಸಾಮಾನ್ಯ ನಿರ್ದೇಶನಗಳೂ (305) ಹೂವಿನ ಅಲಂಕಾರ ಮಿತವಾಗಿರಲಿ, ಬಲಿಪೀಠದ ಮೇಲಲ್ಲದೆ ಸುತ್ತಲೂ ಇರಲಿ ಎನ್ನುತ್ತವೆ. ನಮ್ಮನ್ನು ನಿಜವಾಗಿ ತಡೆದದ್ದು ಬೇರೆ. ಅಷ್ಟು ದೊಡ್ಡ ಅಲಂಕಾರದ ಮುಂದೆ ತನ್ನ ಸೆರಗಿನ ಗಂಟು ಬಿಚ್ಚಲು ಅಜ್ಜಿಗೆ ನಾಚಿಕೆಯಾದರೆ?

ಮರಿಯಮ್ಮನವರು ಆ ಮನೆಯಲ್ಲಿ ಸುಮಾರು ಮೂರು ತಿಂಗಳು ಇದ್ದರು (ಲೂಕ 1:56). ವಯಸ್ಸಾದ ಬಸುರಿಯ ಮನೆಗೆ ನೀರು ಯಾರು ತಂದಿರಬೇಕು? ಶುಭಸಂದೇಶ ಹೇಳುವುದಿಲ್ಲ. ಆದರೆ ಪರಂಪರೆ ಆ ಊರೆಂದು ತೋರಿಸುವ ಐನ್ ಕಾರೆಮ್‌ನಲ್ಲಿ ಇಂದಿಗೂ ಒಂದು ನೀರಿನ ಬುಗ್ಗೆಯಿದೆ. ಅದನ್ನು ಮರಿಯಮ್ಮನವರ ಬುಗ್ಗೆ ಎಂದೇ ಕರೆಯುತ್ತಾರೆ.

ಹಾಗಾಗಿ ಈ ಸಲ ಹಿತ್ತಿಲಿನ ಹೂಗಳೇ. ಕಣಗಿಲೆಯನ್ನು ಮಾತ್ರ ಚಿಕ್ಕ ಮಕ್ಕಳ ಕೈಗೆ ಕೊಡಬೇಡಿ, ಆ ಗಿಡವೆಲ್ಲ ವಿಷ. ಹೂವಿಲ್ಲದ ಮನೆಯವರು ಬರಿಗೈಯಲ್ಲೇ ಬನ್ನಿ, ಇದ್ದವರು ಹಂಚಿಕೊಳ್ಳುತ್ತಾರೆ. ಉಳಿದ ದಿನಗಳಲ್ಲಿ ನಳ ಬರುವ ಬೆಳಿಗ್ಗೆ ಯುವಕರು ಆರು ಗಂಟೆಗೆ ಚರ್ಚಿನ ಮುಂದೆ ಸೇರುತ್ತೇವೆ. ನೀರು ಹೊರಲು ಆಳು ಬೇಕಾದ ಮನೆಯವರು ಹಿಂದಿನ ಸಂಜೆ ಜಪಸರ ಮುಗಿದ ಮೇಲೆ ನಮಗೆ ಹೇಳಿ. ಕೊಡ ಮಾತ್ರ ನಿಮ್ಮದಿರಲಿ.